ಸಾಕುನಾಯಿ ಮತ್ತು ಕ್ರೇಟ್

ನಾಯಿ ಎದ್ದು ನಿಲ್ಲುವಷ್ಟು, ಒಂದು ಸುತ್ತು ತಿರುಗುವಷ್ಟು, ಕಾಲು ಚಾಚಿ ಮಲಗುವಷ್ಟು ಜಾಗವಿರುವ, ಬಾಗಿಲಿಗೆ ಚಿಲಕ ಹಾಕಬಹುದಾದ ಪೆಟ್ಟಿಗೆ ಅಥವಾ ತಂತಿಯ ಬೋನಿಗೆ ಕ್ರೇಟ್ ಎನ್ನುತ್ತಾರೆ. ಅಮೆರಿಕದಲ್ಲಿ ನಾಯಿ ಸಾಕುವವರ ಮನೆಯಲ್ಲಿ ಅದು ಊಟದ ಬಟ್ಟಲು, ಕುತ್ತಿಗೆಪಟ್ಟಿಯಷ್ಟೇ ಸಾಮಾನ್ಯವಾದ ವಸ್ತು. ಸ್ವೀಡನ್‌ನಲ್ಲಿ ನಾಯಿಯನ್ನು ಅದರೊಳಗೆ ಕೂಡಿ ಕೆಲಸಕ್ಕೆ ಹೋಗುವುದು ಕಾನೂನಿಗೆ ವಿರುದ್ಧ. ಎರಡೂ ದೇಶಗಳಲ್ಲಿ ನಾಯಿಯ ಮೇಲಿನ ಅಕ್ಕರೆಗೆ ಕೊರತೆಯಿಲ್ಲ. ಎರಡೂ ಕಡೆಯ ಪಶುವೈದ್ಯರು ಓದಿರುವುದು ಹೆಚ್ಚುಕಡಿಮೆ ಒಂದೇ ಶಾಸ್ತ್ರ. ಆದರೂ ತೀರ್ಪು ಮಾತ್ರ ಉತ್ತರ ದಕ್ಷಿಣ.

ಈ ಭಿನ್ನಾಭಿಪ್ರಾಯದ ತಿರುಳು ಬಾಗಿಲು ಎಷ್ಟು ಹೊತ್ತು ಮುಚ್ಚಿರುತ್ತದೆ ಎಂಬುದರಲ್ಲಿದೆ. ಬಾಗಿಲು ತೆರೆದಿಟ್ಟ ಕ್ರೇಟಿಗೆ ಯಾವ ದೇಶದಲ್ಲೂ ವಿರೋಧವಿಲ್ಲ. ಪಶು ಆಸ್ಪತ್ರೆಗೆ ಒಯ್ಯಲು ಅರ್ಧ ಗಂಟೆ ಮುಚ್ಚಿಟ್ಟರೂ ಯಾರೂ ಆಕ್ಷೇಪಿಸುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಮುಚ್ಚಿ ಸಂಜೆ ಆರಕ್ಕೆ ತೆರೆಯುವ ಪದ್ಧತಿ ಬಂದಾಗ ಜಗಳ ಶುರುವಾಗುತ್ತದೆ.

ಬಗೆಗಳು

ಮಾರುಕಟ್ಟೆಯಲ್ಲಿ ಸಿಗುವ ಕ್ರೇಟುಗಳಲ್ಲಿ ಮುಖ್ಯವಾದವು ಮೂರು. ಮಡಚಿಡಬಹುದಾದ ತಂತಿಯ ಕ್ರೇಟಿನಲ್ಲಿ ಗಾಳಿ ಚೆನ್ನಾಗಿ ಆಡುತ್ತದೆ, ತಳದ ತಟ್ಟೆಯನ್ನು ಎಳೆದು ತೊಳೆಯಬಹುದು. ನಮ್ಮ ಸೆಕೆಗೆ ಇದೇ ವಾಸಿ. ಗಟ್ಟಿ ಪ್ಲಾಸ್ಟಿಕ್ಕಿನದು ಪ್ರಯಾಣಕ್ಕೆಂದೇ ಆದದ್ದು. ಮೂರು ಕಡೆ ಮುಚ್ಚಿರುವುದರಿಂದ ಕೆಲವು ನಾಯಿಗಳಿಗೆ ಅದರೊಳಗೆ ನೆಮ್ಮದಿ ಹೆಚ್ಚು, ಆದರೆ ಕಾವೂ ಹೆಚ್ಚು. ಬಟ್ಟೆಯದು ಹಗುರ, ನೋಡಲು ಅಂದ. ಹಲ್ಲು ಮೂಡುವ ವಯಸ್ಸಿನ ಮರಿ ಅದನ್ನು ಒಂದು ಮಧ್ಯಾಹ್ನದಲ್ಲಿ ಹರಿದು ಹೊರಬರುತ್ತದೆ. ಇವಲ್ಲದೆ ತಳ ಮತ್ತು ಚಾವಣಿ ಇಲ್ಲದ, ಆರೆಂಟು ಜಾಲರಿ ಚೌಕಟ್ಟುಗಳನ್ನು ಜೋಡಿಸಿ ಕಟ್ಟುವ ಆವರಣವೂ ಇದೆ. ಅಂಗಡಿಯವರು ಅದನ್ನು ಪ್ಲೇಪೆನ್ ಎನ್ನುತ್ತಾರೆ. ಇದು ಕ್ರೇಟ್ ಅಲ್ಲ. ಆದರೆ ಕ್ರೇಟ್ ಕೊಳ್ಳಲು ಹೊರಟ ಹಲವರಿಗೆ ನಿಜವಾಗಿ ಬೇಕಾದದ್ದು ಇದೇ.

ಹೇಗೆ ಬಂತು

ಸಾಗಣೆಯ ಪೆಟ್ಟಿಗೆ ಹಳೆಯದು. ರೈಲಿನಲ್ಲಿ, ಹಡಗಿನಲ್ಲಿ, ನಾಯಿ ಪ್ರದರ್ಶನಗಳಲ್ಲಿ ಬೆಲೆಬಾಳುವ ನಾಯಿಗಳನ್ನು ಪೆಟ್ಟಿಗೆಯಲ್ಲೇ ಒಯ್ಯುತ್ತಿದ್ದರು. ಭಾರತೀಯ ರೈಲ್ವೆಯ ಗಾರ್ಡ್ ಡಬ್ಬಿಯಲ್ಲಿ ಇಂದಿಗೂ ನಾಯಿ ಪೆಟ್ಟಿಗೆ ಇರುವುದು ಆ ಕಾಲದ ಉಳಿಕೆ. ಅದು ಮನೆಯ ಹಾಲ್‌ಗೆ, ಮಲಗುವ ಕೋಣೆಗೆ ಬಂದದ್ದು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ, ಅದೂ ಮುಖ್ಯವಾಗಿ ಅಮೆರಿಕದಲ್ಲಿ. ನ್ಯೂಯಾರ್ಕ್ ರಾಜ್ಯದ ಕೇಂಬ್ರಿಜ್ ಎಂಬ ಸಣ್ಣ ಊರಿನ ಬಳಿ ಜರ್ಮನ್ ಶೆಫರ್ಡ್ ತಳಿಯನ್ನು ಬೆಳೆಸುತ್ತಿದ್ದ ನ್ಯೂ ಸ್ಕೀಟ್ ಮಠದ ಸಂನ್ಯಾಸಿಗಳು 1978ರಲ್ಲಿ ನಾಯಿ ಸಾಕಣೆಯ ಬಗ್ಗೆ, 1991ರಲ್ಲಿ ಮರಿ ಸಾಕುವ ಬಗ್ಗೆ ಪುಸ್ತಕ ಬರೆದರು. ಎರಡೂ ಅಪಾರವಾಗಿ ಮಾರಾಟವಾದವು. ಮರಿಯ ಪುಸ್ತಕದಲ್ಲಿ ಕ್ರೇಟಿಗೆ ಗೌರವದ ಸ್ಥಾನವಿತ್ತು.

ಇದೇ ಕಾಲದಲ್ಲಿ ಲಂಡನ್ನಿನ ರಾಯಲ್ ವೆಟರಿನರಿ ಕಾಲೇಜಿನಲ್ಲಿ ಓದಿ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಪಶುವೈದ್ಯ ಇಯಾನ್ ಡನ್‌ಬಾರ್ ಮರಿಗಳ ತರಬೇತಿಗೆ ಹೊಸ ದಾರಿ ಹಾಕಿದರು. ಬೆತ್ತ, ಬೈಗುಳ, ಕುತ್ತಿಗೆ ಜಗ್ಗಾಟಗಳ ಬದಲು ತಿಂಡಿ ಮತ್ತು ಆಟದಿಂದ ಕಲಿಸುವುದು ಅವರ ಕ್ರಮ. 1993ರಲ್ಲಿ ಅವರು ಸಾಕುನಾಯಿ ತರಬೇತುದಾರರ ಸಂಘವೊಂದನ್ನೂ ಕಟ್ಟಿದರು. ಡನ್‌ಬಾರ್ ಒಂದು ವ್ಯತ್ಯಾಸವನ್ನು ಸ್ಪಷ್ಟವಾಗಿ ಹೇಳುತ್ತಾ ಬಂದಿದ್ದಾರೆ. ಮನೆಯಲ್ಲಿ ಜನ ಇರುವಾಗ ಮರಿಯನ್ನು ಸ್ವಲ್ಪ ಹೊತ್ತು ಇಡಲು ಕ್ರೇಟ್. ಜನ ಹೊರಗೆ ಹೋದಾಗ ಇಡಲು ಹಾಸಿಗೆ, ನೀರು, ಆಟಿಕೆ, ಉಚ್ಚೆ ಹೊಯ್ಯುವ ಜಾಗ ನಾಲ್ಕೂ ಇರುವ ಪುಟ್ಟ ಕೋಣೆ ಅಥವಾ ಆವರಣ. ಆದರೆ ಸಲಹೆಯ ಅರ್ಧ ಭಾಗ ಮಾತ್ರ ಜನಪ್ರಿಯವಾಯಿತು. ಗಂಡ ಹೆಂಡತಿ ಇಬ್ಬರೂ ದಿನವಿಡೀ ಹೊರಗಿರುವ, ನೆಲಕ್ಕೆ ಗೋಡೆಯಿಂದ ಗೋಡೆಯವರೆಗೆ ಕಾರ್ಪೆಟ್ ಹಾಸಿರುವ ಮನೆಗಳಲ್ಲಿ ಬಾಗಿಲು ಮುಚ್ಚುವ ಪೆಟ್ಟಿಗೆ ಬಹಳ ಅನುಕೂಲವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಗುಹೆಯ ವಾದ

ಕ್ರೇಟ್ ಮಾರುವವರ ಬಾಯಲ್ಲಿ ಸದಾ ಇರುವ ಮಾತೊಂದಿದೆ: ನಾಯಿ ತೋಳದ ವಂಶದ್ದು, ತೋಳ ಗುಹೆಯ ಪ್ರಾಣಿ, ಆದ್ದರಿಂದ ಕ್ರೇಟ್ ನಾಯಿಗೆ ಸಹಜ. ಈ ವಾದದಲ್ಲಿ ಸತ್ಯ ಅರ್ಧ ಪಾಲು ಮಾತ್ರ. ತೋಳ ಗವಿಯನ್ನು ಬಳಸುವುದು ಮರಿ ಹಾಕಿ ಪೋಷಿಸುವ ಮೊದಲ ಕೆಲವು ವಾರ. ಮರಿಗಳು ಎಂಟು ಹತ್ತು ವಾರದವಾದ ಮೇಲೆ ಅವು ಬಯಲಿಗೆ ಬರುತ್ತವೆ. ದೊಡ್ಡ ತೋಳ ಹಿಮದಲ್ಲೂ ಬಯಲಲ್ಲೇ ಸುರುಳಿ ಸುತ್ತಿ ಮಲಗುತ್ತದೆ. ಮೇಲಾಗಿ ಗವಿಗೆ ಹೊರಗಿನಿಂದ ಯಾರೂ ಚಿಲಕ ಹಾಕುವುದಿಲ್ಲ.

ನಮ್ಮ ದೇಶದ ಬೀದಿನಾಯಿಗಳು ಈ ವಿಷಯದಲ್ಲಿ ಇನ್ನೂ ಒಳ್ಳೆಯ ಸಾಕ್ಷಿ. ಕೋಲ್ಕತ್ತಾದ ಐಸರ್ ಸಂಸ್ಥೆಯ ಅನಿಂದಿತಾ ಭದ್ರಾ ಅವರ ತಂಡ ಪಶ್ಚಿಮ ಬಂಗಾಳದಲ್ಲಿ ನೂರಕ್ಕೂ ಹೆಚ್ಚು ಗೂಡುಗಳನ್ನು ಗಮನಿಸಿ 2016ರಲ್ಲಿ ವರದಿ ಪ್ರಕಟಿಸಿತು. ಹಡೆಯುವ ತಾಯಿನಾಯಿಗಳು ನಿರ್ಜನ ಮೂಲೆಗಿಂತ ಮನುಷ್ಯರ ಓಡಾಟ ಇರುವ ಜಾಗಕ್ಕೆ ಹತ್ತಿರದಲ್ಲೇ ಗೂಡು ಹುಡುಕಿಕೊಳ್ಳುತ್ತವೆ ಎಂಬುದು ಅದರ ಮುಖ್ಯ ಫಲಿತಾಂಶ. ಸಣ್ಣ, ಮಬ್ಬಾದ, ಬೆನ್ನಿಗೆ ಗೋಡೆಯಿರುವ ಜಾಗ ನಾಯಿಗೆ ಇಷ್ಟ ಎಂಬುದು ಸುಳ್ಳಲ್ಲ. ಸಿಡಿಲು ಬಂದಾಗ ಮಂಚದಡಿ ಸೇರುವ ನಾಯಿಯನ್ನು ಯಾರು ಕಂಡಿಲ್ಲ? ಆದರೆ ಅದಕ್ಕೆ ಬೇಕಾದದ್ದು ಸೇರಿಕೊಳ್ಳುವ ಸ್ವಾತಂತ್ರ್ಯದ ಜೊತೆಗೆ ಹೊರಬರುವ ಸ್ವಾತಂತ್ರ್ಯ, ಹಾಗೂ ಮನುಷ್ಯರ ಸಾಮೀಪ್ಯ.

ಗುಹೆಯ ವಾದದ ಬೆನ್ನಿಗೇ ಬರುವುದು ಶುಚಿತ್ವದ ವಾದ. ಇದಕ್ಕೆ ಗಟ್ಟಿ ಆಧಾರವಿದೆ. ಹುಟ್ಟಿದ ಮರಿಯನ್ನು ತಾಯಿ ನೆಕ್ಕಿ ಮಲಮೂತ್ರ ಮಾಡಿಸಿ, ತಾನೇ ಶುಚಿ ಮಾಡುತ್ತಾಳೆ. ಸುಮಾರು ಮೂರು ವಾರದ ಹೊತ್ತಿಗೆ ಮರಿ ತಾನಾಗಿ ಮಲಗುವ ಜಾಗ ಬಿಟ್ಟು ಆಚೆ ಹೋಗಲು ಶುರುಮಾಡುತ್ತದೆ. ಎಂಟು ಒಂಬತ್ತು ವಾರಕ್ಕೆ ಇಂಥ ನೆಲದ ಮೇಲೆ ಎಂಬ ಅಭ್ಯಾಸವೂ ಕೂರುತ್ತದೆ: ಹುಲ್ಲು, ಮಣ್ಣು, ಕಾಗದ, ಇಲ್ಲವೇ ದುರದೃಷ್ಟವಿದ್ದರೆ ನೆಲದ ಹಾಸು. ಮಲಗಿದ ಜಾಗವನ್ನು ಹೊಲಸು ಮಾಡದಿರುವ ಈ ಗುಣವನ್ನೇ ಕ್ರೇಟ್ ಬಳಸಿಕೊಳ್ಳುತ್ತದೆ. ಒಳಗಿರುವಷ್ಟು ಹೊತ್ತು ಮರಿ ತಡೆದುಕೊಳ್ಳುತ್ತದೆ, ಹೊರಗೆ ತಂದ ಕೂಡಲೇ ಸರಿಯಾದ ಜಾಗದಲ್ಲಿ ಹೊಯ್ಯುತ್ತದೆ, ಶಹಬ್ಬಾಸ್ ಪಡೆಯುತ್ತದೆ.

ಅದು ಎಷ್ಟು ಹೊತ್ತು ತಡೆದುಕೊಳ್ಳಬಲ್ಲದು ಎಂಬುದಕ್ಕೆ ತರಬೇತುದಾರರಲ್ಲಿ ಒಂದು ಅಂದಾಜು ಲೆಕ್ಕ ಚಾಲ್ತಿಯಲ್ಲಿದೆ: ವಯಸ್ಸು ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿದಷ್ಟು ಗಂಟೆ. ಎರಡು ತಿಂಗಳ ಮರಿಗೆ ಮೂರು ಗಂಟೆ. ಇದು ಹೆಚ್ಚೆಂದರೆ ಇಷ್ಟು ಎಂಬ ಮಿತಿ. ಹಗಲಿನಲ್ಲಿ, ಆಟವಾಡಿ ನೀರು ಕುಡಿದ ಮರಿಗೆ ಇದರ ಅರ್ಧವೂ ಆಗದು. ಪೆಟ್‌ಶಾಪಿನ ಕಿರಿದಾದ ಬೋನಿನಲ್ಲಿ ತನ್ನ ಹೊಲಸಿನ ಮೇಲೇ ಮಲಗಿ ಬೆಳೆದ ಮರಿಗಳಲ್ಲಿ ಈ ಸಹಜ ಗುಣವೇ ಸತ್ತಿರುತ್ತದೆ. ಅಂಥ ಮರಿಗೆ ಕ್ರೇಟ್ ಏನನ್ನೂ ಕಲಿಸುವುದಿಲ್ಲ.

ತಡೆದುಕೊಳ್ಳುವ ಈ ಶಕ್ತಿಯನ್ನು ಎಷ್ಟು ದೂರ ಎಳೆಯಬಹುದು ಎಂಬುದಕ್ಕೆ ಇತಿಹಾಸದಲ್ಲಿ ಒಂದು ಕರಾಳ ಉದಾಹರಣೆ ಇದೆ. 1957ರ ನವೆಂಬರ್‌ನಲ್ಲಿ ಸ್ಪುಟ್ನಿಕ್-2ರಲ್ಲಿ ಬಾಹ್ಯಾಕಾಶಕ್ಕೆ ಹೋದ ಲೈಕಾ ಮತ್ತು ಅವಳ ಜೊತೆ ತರಬೇತಿ ಪಡೆದ ನಾಯಿಗಳನ್ನು ಸೋವಿಯತ್ ವಿಜ್ಞಾನಿಗಳು ಒಂದಕ್ಕಿಂತ ಒಂದು ಕಿರಿದಾದ ಬೋನುಗಳಲ್ಲಿ 20 ದಿನಗಳವರೆಗೂ ಇಟ್ಟು ರೂಢಿ ಮಾಡಿಸಿದ್ದರು. ನಾಯಿಗಳು ಮಲಮೂತ್ರ ಮಾಡುವುದನ್ನೇ ನಿಲ್ಲಿಸಿದವು, ಚಡಪಡಿಸಿದವು, ಅವುಗಳ ಆರೋಗ್ಯ ಕೆಟ್ಟಿತು. ಭೇದಿಯ ಔಷಧಿ ಕೊಟ್ಟರೂ ಸುಧಾರಿಸಲಿಲ್ಲ. ಹಾಲ್‌ನಲ್ಲಿರುವ ಕ್ರೇಟಿಗೂ ಬಾಹ್ಯಾಕಾಶದ ಕೋಶಕ್ಕೂ ಹೋಲಿಕೆ ಅತಿಯಾಯಿತು ಎನ್ನಬಹುದು. ಆದರೆ ಸದ್ದಿಲ್ಲದೆ ತಡೆದುಕೊಂಡು ಮಲಗಿರುವ ನಾಯಿಯೆಲ್ಲ ಸುಖವಾಗಿದೆ ಎಂದುಕೊಳ್ಳಬಾರದು ಎಂಬುದಕ್ಕೆ ಇಷ್ಟು ಸಾಕು.

ಕಾನೂನುಗಳ ಅಂತರ

ಸ್ವೀಡನ್ನಿನ ಕೃಷಿ ಮಂಡಳಿಯ ನಿಯಮಗಳು ನಾಯಿಯ ಎತ್ತರಕ್ಕೆ ತಕ್ಕಂತೆ ಇಷ್ಟು ಚದರ ಮೀಟರ್ ಜಾಗ ಬೇಕೇ ಬೇಕು ಎನ್ನುತ್ತವೆ. ಯಾವ ಕ್ರೇಟೂ ಆ ಅಳತೆಯನ್ನು ಮುಟ್ಟದು. ಹೀಗಾಗಿ ಅಲ್ಲಿ ಪ್ರಯಾಣ, ಪ್ರದರ್ಶನದಂಥ ತಾತ್ಕಾಲಿಕ ಸಂದರ್ಭ ಬಿಟ್ಟರೆ ಮನೆಯೊಳಗೆ ಮುಚ್ಚಿದ ಕ್ರೇಟಿಗೆ ಅವಕಾಶವಿಲ್ಲ. ಹಗಲಿನಲ್ಲಿ ಕನಿಷ್ಠ ಆರು ಗಂಟೆಗೊಮ್ಮೆಯಾದರೂ ನಾಯಿಯನ್ನು ಹೊರಗೆ ಕರೆದೊಯ್ಯಬೇಕು ಎಂಬ ಸೂಚನೆಯೂ ಇದೆ. ನೆರೆಯ ಫಿನ್‌ಲ್ಯಾಂಡಿನದೂ ಬಹುಮಟ್ಟಿಗೆ ಇದೇ ನಿಲುವು.

ಜರ್ಮನಿಯಲ್ಲಿ 2001ರಿಂದ ನಾಯಿಗಳಿಗೆಂದೇ ಪ್ರತ್ಯೇಕ ನಿಯಮಾವಳಿ ಇದೆ. ಆವರಣದಲ್ಲಿ ಸಾಕುವುದಾದರೆ ಭುಜದೆತ್ತರ 50 ಸೆಂಟಿಮೀಟರ್‌ವರೆಗಿನ ನಾಯಿಗೆ ಕನಿಷ್ಠ 6 ಚದರ ಮೀಟರ್, 65ರವರೆಗಿನದಕ್ಕೆ 8, ಅದಕ್ಕೂ ಎತ್ತರದ್ದಕ್ಕೆ 10. ಲ್ಯಾಬ್ರಡಾರ್ ನಾಯಿಗೆ ಎಂದು ಮಾರುವ 42 ಇಂಚಿನ ತಂತಿಯ ಕ್ರೇಟಿನ ಅಗಲ ಸಾಮಾನ್ಯವಾಗಿ 28 ಇಂಚು. ಅಂದರೆ ಮುಕ್ಕಾಲು ಚದರ ಮೀಟರ್‌ಗಿಂತ ಕೊಂಚ ಹೆಚ್ಚು. ಜರ್ಮನ್ ಲೆಕ್ಕದ ಹತ್ತನೇ ಒಂದು ಪಾಲು.

ಇನ್ನೂ ಸ್ವಾರಸ್ಯದ ಸಂಗತಿ ಅಮೆರಿಕದ್ದೇ. ಅಲ್ಲಿನ ಕೇಂದ್ರ ಪ್ರಾಣಿ ಕಲ್ಯಾಣ ಕಾಯ್ದೆಯಡಿ ಪರವಾನಗಿ ಪಡೆದ ನಾಯಿ ತಳಿಗಾರರು ಅನುಸರಿಸಬೇಕಾದ ಸೂತ್ರವೊಂದಿದೆ. ಮೂಗಿನ ತುದಿಯಿಂದ ಬಾಲದ ಬುಡದವರೆಗಿನ ಉದ್ದವನ್ನು ಇಂಚಿನಲ್ಲಿ ಅಳೆದು, ಅದಕ್ಕೆ 6 ಸೇರಿಸಿ, ವರ್ಗ ಮಾಡಿ, 144ರಿಂದ ಭಾಗಿಸಬೇಕು. ಬಂದದ್ದು ಚದರ ಅಡಿಯಲ್ಲಿ ಕನಿಷ್ಠ ನೆಲ. 36 ಇಂಚು ಉದ್ದದ ನಾಯಿಗೆ ಅದು ಹನ್ನೆರಡೂಕಾಲು ಚದರ ಅಡಿ. ಮೇಲೆ ಹೇಳಿದ 42 ಇಂಚಿನ ಕ್ರೇಟಿನ ನೆಲ ಎಂಟು ಚದರ ಅಡಿ ಚಿಲ್ಲರೆ. ಎಂದರೆ ಪ್ರಾಣಿಪ್ರಿಯರ ಟೀಕೆಗೆ ಸದಾ ಗುರಿಯಾಗುವ ವ್ಯಾಪಾರಿ ತಳಿಗಾರನಿಗೆ ಕಾನೂನು ವಿಧಿಸುವ ಕನಿಷ್ಠ ಜಾಗ, ಮುದ್ದಿನ ಮನೆನಾಯಿಯ ಕ್ರೇಟಿನಲ್ಲಿ ಇರುವುದಿಲ್ಲ. ಮನೆಗಳಿಗೆ ಆ ಕಾಯ್ದೆ ಅನ್ವಯಿಸುವುದೂ ಇಲ್ಲ.

ಅದೇ ದೇಶದಲ್ಲಿ ಗ್ರೇಹೌಂಡ್ ಓಟದ ನಾಯಿಗಳ ಪ್ರಕರಣ ಸಾರ್ವಜನಿಕ ಅಭಿಪ್ರಾಯವನ್ನು ಬದಲಿಸಿತು. ಓಟ, ಅಭ್ಯಾಸ ಬಿಟ್ಟರೆ ದಿನದ ಬಹುಪಾಲು ಆ ನಾಯಿಗಳು ಸಾಲು ಬೋನುಗಳಲ್ಲೇ ಇರುತ್ತಿದ್ದುದು ಪ್ರಚಾರದ ಮುಖ್ಯ ವಿಷಯವಾಯಿತು. 2018ರ ನವೆಂಬರ್‌ನಲ್ಲಿ ಫ್ಲಾರಿಡಾ ರಾಜ್ಯದ ಮತದಾರರು ಈ ಓಟದ ನಿಷೇಧಕ್ಕೆ ಭಾರಿ ಬಹುಮತದಿಂದ ಒಪ್ಪಿಗೆ ಕೊಟ್ಟರು. 2020ರ ಕೊನೆಗೆ ಅಲ್ಲಿ ಓಟ ನಿಂತಿತು. ಬೋನಿನಲ್ಲಿ ಗಂಟೆಗಟ್ಟಲೆ ನಾಯಿ ಇರುವುದನ್ನು ಕ್ರೌರ್ಯ ಎಂದು ಮತ ಹಾಕಿದವರಲ್ಲಿ ಎಷ್ಟೋ ಜನ ಅಂದು ಬೆಳಿಗ್ಗೆ ತಮ್ಮ ನಾಯಿಯನ್ನು ಕ್ರೇಟಿನಲ್ಲಿ ಬಿಟ್ಟು ಮತಗಟ್ಟೆಗೆ ಹೋಗಿರಬೇಕು.

ಬೇಕೇ ಬೇಕಾಗುವ ಹೊತ್ತು

ಇಷ್ಟಾದರೂ ಕ್ರೇಟಿನೊಳಗೆ ಶಾಂತವಾಗಿ ಇರಲು ಬಾರದ ನಾಯಿಗೆ ಕಷ್ಟದ ಗಳಿಗೆಗಳು ಖಂಡಿತ ಎದುರಾಗುತ್ತವೆ. ಮೊದಲನೆಯದು ಆಸ್ಪತ್ರೆ. ಡ್ಯಾಕ್ಸ್‌ಹುಂಡ್‌ನಂಥ ಉದ್ದ ಬೆನ್ನಿನ ನಾಯಿಗಳಲ್ಲಿ ಬೆನ್ನುಮೂಳೆಯ ನಡುವಿನ ಬಿಲ್ಲೆ ಜಾರಿ ಹಿಂಗಾಲು ಸೋಲುವುದುಂಟು. ಶಸ್ತ್ರಚಿಕಿತ್ಸೆ ಇಲ್ಲದೆ ವಾಸಿ ಮಾಡುವ ಪ್ರಯತ್ನದಲ್ಲಿ ಕನಿಷ್ಠ ನಾಲ್ಕು ವಾರ ಓಡಾಟ ಕಟ್ಟುನಿಟ್ಟಾಗಿ ನಿಲ್ಲಬೇಕು. ಮೊಣಕಾಲಿನ ಕಟ್ಟು ಹರಿದು ಶಸ್ತ್ರಚಿಕಿತ್ಸೆಯಾದ ಮೇಲೆ, ಮೂಳೆ ಮುರಿದಾಗ, ಹೃದಯದ ಹುಳುವಿಗೆ ಔಷಧಿ ಕೊಡುವಾಗ ವೈದ್ಯರ ಮಾತು ಇದೇ. ಅಲ್ಲಿಯವರೆಗೆ ಬೋನು ಕಂಡಿರದ ನಾಯಿ, ನೋವಿನಲ್ಲಿರುವಾಗ ಮೊದಲ ಸಲ ಒಳಗೆ ಹೋಗಬೇಕಾದರೆ ಪಡುವ ಗಾಬರಿ ಗಾಯಕ್ಕಿಂತ ಹೆಚ್ಚು ಹಾನಿ ಮಾಡೀತು.

ಎರಡನೆಯದು ವಿಪತ್ತು. 2005ರ ಆಗಸ್ಟ್‌ನಲ್ಲಿ ಕತ್ರೀನಾ ಚಂಡಮಾರುತ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿದಾಗ ಸಾಕುಪ್ರಾಣಿಗಳಿಗೆ ಆಶ್ರಯ ಶಿಬಿರಗಳಲ್ಲಿ ಜಾಗವಿರಲಿಲ್ಲ. ನಾಯಿಯನ್ನು ಬಿಟ್ಟು ಬರಲೊಲ್ಲದೆ ಮನೆಯಲ್ಲೇ ಉಳಿದವರು ಅನೇಕರು. ಮರುವರ್ಷ, 2006ರಲ್ಲಿ, ತುರ್ತು ಸ್ಥಳಾಂತರದ ಯೋಜನೆಯಲ್ಲಿ ಸಾಕುಪ್ರಾಣಿಗಳೂ ಸೇರಬೇಕೆಂದು ಅಮೆರಿಕ ಕಾಯ್ದೆ ಮಾಡಿತು. ನೂರಾರು ನಾಯಿಗಳು ಒಂದೇ ಸೂರಿನಡಿ ಇರುವ ಅಂಥ ಶಿಬಿರದಲ್ಲಿ ಪ್ರತಿ ನಾಯಿಯ ವಾಸವೂ ಕ್ರೇಟಿನೊಳಗೇ.

ಮೂರನೆಯದು ಪ್ರಯಾಣ. ಕ್ಯಾಲಿಫೋರ್ನಿಯಾದಿಂದಲೋ ನ್ಯೂಜೆರ್ಸಿಯಿಂದಲೋ ಬೆಂಗಳೂರಿಗೆ ಮರಳುವ ಕನ್ನಡ ಕುಟುಂಬಗಳಿಗೆ ಇದು ಚೆನ್ನಾಗಿ ಗೊತ್ತು. ನಾಯಿ ವಿಮಾನ ಏರಬೇಕಾದರೆ ಅಂತಾರಾಷ್ಟ್ರೀಯ ವಾಯು ಸಾರಿಗೆ ಸಂಘ, ಅಂದರೆ ಐಎಟಿಎ, ವಿಧಿಸಿದ ಅಳತೆಯ ಪೆಟ್ಟಿಗೆ ಬೇಕು. ಬಂದಿಳಿದ ಮೇಲೆ ಪ್ರಾಣಿ ಕ್ವಾರಂಟೈನ್ ಕೇಂದ್ರದ ಒಪ್ಪಿಗೆ ಬೇಕು. ಪೆಟ್ಟಿಗೆಯ ಅಳತೆಯನ್ನು ದರ್ಜಿ ಅಂಗಿಗೆ ಅಳತೆ ತೆಗೆದಂತೆ ನಾಯಿಯ ಮೈಯಿಂದಲೇ ತೆಗೆಯುತ್ತಾರೆ. ಮೂಗಿನಿಂದ ಬಾಲದ ಬುಡದವರೆಗಿನ ಉದ್ದಕ್ಕೆ ನೆಲದಿಂದ ಮೊಣಕೈವರೆಗಿನ ಎತ್ತರದ ಅರ್ಧ ಸೇರಿಸಿದರೆ ಪೆಟ್ಟಿಗೆಯ ಉದ್ದ. ಭುಜದ ಅಗಲದ ಎರಡರಷ್ಟು ಪೆಟ್ಟಿಗೆಯ ಅಗಲ. ನಿಂತಾಗ ತಲೆ ಅಥವಾ ಕಿವಿಯ ತುದಿ ಎಷ್ಟು ಎತ್ತರವೋ ಅದಕ್ಕೆ ಹಾಸಿಗೆಯ ದಪ್ಪ ಸೇರಿಸಿದರೆ ಎತ್ತರ. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂಗಿನ ನಾಯಿಗಳಿಗೆ ಇದಕ್ಕೂ ಹತ್ತು ಪ್ರತಿಶತ ದೊಡ್ಡದಿರಬೇಕು. ಮನೆಗೆ ಕ್ರೇಟ್ ಕೊಳ್ಳುವವರೂ ತಳಿಯ ಹೆಸರು ನೋಡಿ ಅಂದಾಜು ಮಾಡುವ ಬದಲು ಈ ಸೂತ್ರ ಬಳಸುವುದು ಲೇಸು. ಮಂಪರು ಬರಿಸುವ ಔಷಧಿ ಕೊಟ್ಟು ವಿಮಾನ ಹತ್ತಿಸುವುದನ್ನು ಪಶುವೈದ್ಯರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಆದ್ದರಿಂದ ಹೊರಡುವ ಹಲವು ವಾರ ಮೊದಲೇ ನಾಯಿ ಪೆಟ್ಟಿಗೆಗೆ ಒಗ್ಗಿರಬೇಕು.

ದೇಶದೊಳಗೆ ರೈಲೇ ಹಲವರ ಆಯ್ಕೆ. ಮೊದಲ ದರ್ಜೆ ಎಸಿಯಲ್ಲಿ ಇಡೀ ಕೂಪೆಯನ್ನೋ ಕ್ಯಾಬಿನ್ನನ್ನೋ ಕಾಯ್ದಿರಿಸಿದರೆ ನಾಯಿ ಜೊತೆಯಲ್ಲೇ ಬರಬಹುದು. ಇಲ್ಲದಿದ್ದರೆ ಗಾರ್ಡ್ ಡಬ್ಬಿಯ ನಾಯಿ ಪೆಟ್ಟಿಗೆಯೇ ಗತಿ. ಕತ್ತಲು, ಸದ್ದು, ಅಪರಿಚಿತ ವಾಸನೆಗಳ ನಡುವಿನ ರಾತ್ರಿ. ಕಾರಿನಲ್ಲಿ ಹಿಂದಿನ ಕಿಟಕಿಯಿಂದ ತಲೆ ಹೊರಹಾಕಿ ಗಾಳಿ ಸವಿಯುವ ನಾಯಿಯ ಚಿತ್ರ ಎಲ್ಲರಿಗೂ ಪ್ರಿಯ. ಆದರೆ ಗಟ್ಟಿ ಬ್ರೇಕ್ ಹಾಕಿದಾಗ ಮೂವತ್ತು ಕೆಜಿ ತೂಕದ ನಾಯಿ ಮುಂದಿನ ಸೀಟಿನವರ ಬೆನ್ನಿಗೆ ಬಂದು ಅಪ್ಪಳಿಸುತ್ತದೆ. ಬ್ರಿಟನ್ನಿನ ಹೆದ್ದಾರಿ ಸಂಹಿತೆಯ 57ನೇ ನಿಯಮ ವಾಹನದಲ್ಲಿ ನಾಯಿಯನ್ನು ಬೆಲ್ಟು, ಬೋನು ಯಾವುದಾದರೊಂದರಿಂದ ಭದ್ರಪಡಿಸಬೇಕು ಎನ್ನುವುದು ಇದಕ್ಕೇ.

ರೂಢಿ ಮಾಡಿಸುವ ಬಗೆ

ಕ್ರೇಟ್ ತಂದ ದಿನವೇ ನಾಯಿಯನ್ನು ಒಳಗೆ ತಳ್ಳಿ ಚಿಲಕ ಹಾಕಿದವರು ಮುಂದೆ ತಿಂಗಳುಗಟ್ಟಲೆ ಅದರ ಫಲ ಉಣ್ಣುತ್ತಾರೆ. ಮೊದಲ ಕೆಲವು ದಿನ ಬಾಗಿಲನ್ನು ಮುಟ್ಟಲೇಬಾರದು. ಕಳಚಿಟ್ಟರೆ ಅಥವಾ ತೆರೆದಂತೆಯೇ ದಾರದಿಂದ ಕಟ್ಟಿಟ್ಟರೆ ಇನ್ನೂ ಒಳ್ಳೆಯದು. ಕ್ರೇಟ್ ಇರಬೇಕಾದ ಜಾಗ ಮನೆಯವರು ಕೂರುವ ಕಡೆ. ಹಿತ್ತಿಲು, ಮೆಟ್ಟಿಲ ಕೆಳಗು, ಬಾಲ್ಕನಿ ಅಲ್ಲ. ಒಳಗೆ ಹಳೆಯ ಹೊದಿಕೆ, ಮನೆಯವರು ಉಟ್ಟು ಬಿಟ್ಟ ಹತ್ತಿ ಬಟ್ಟೆ ಹಾಸಬಹುದು. ನಾಯಿ ನೋಡದಾಗ ಒಂದು ತುಂಡು ಚಿಕನ್ನೋ ಪನೀರೋ ಒಳಗೆ ಬಿದ್ದಿರಬೇಕು. ನಾಯಿ ತಾನಾಗಿ ಹೋಗಿ ಅದನ್ನು ಕಂಡುಹಿಡಿಯಬೇಕು. ಆಮೇಲೆ ಊಟದ ಬಟ್ಟಲು ಬಾಗಿಲ ಬಳಿಗೆ, ಮಾರನೆಯ ದಿನ ಇನ್ನೂ ಒಳಗೆ, ಕೊನೆಗೆ ಹಿಂದಿನ ಗೋಡೆಯ ತನಕ.

ಒಳಗೆ ನಿಂತು ನಿಶ್ಚಿಂತೆಯಿಂದ ಉಣ್ಣುತ್ತಿದೆ ಎಂದಾದ ಮೇಲೆ ಬಾಗಿಲು. ಉಣ್ಣುವಾಗ ಮುಚ್ಚಿ, ಉಂಡು ಮುಗಿಸುವ ಮೊದಲೇ ತೆರೆಯಬೇಕು. ನಂತರ ಅಗಿಯಲು ಏನಾದರೂ ಕೊಟ್ಟು ಎರಡು ನಿಮಿಷ, ಐದು ನಿಮಿಷ. ಯಜಮಾನ ಎದುರಿಗೇ ಕೂತಿರಬೇಕು. ಆಮೇಲೆ ಅಡುಗೆಮನೆಗೆ ಹೋಗಿ ಬರುವಷ್ಟು. ಮನೆ ಬಿಟ್ಟು ಹೊರಗೆ ಹೋಗುವುದು ಇವೆಲ್ಲ ಆದ ಮೇಲಿನ ಮಾತು. ಕೆಲವು ಮರಿಗಳು ವಾರದಲ್ಲಿ ಇಷ್ಟು ಕಲಿಯುತ್ತವೆ. ಕೆಲವಕ್ಕೆ ಎರಡು ತಿಂಗಳು. ಅವಸರ ಮಾಡಿದಷ್ಟೂ ಹಿಂದಕ್ಕೆ ಹೋಗಬೇಕಾಗುತ್ತದೆ. ಕೆನಡಾದ ಪ್ರಸಿದ್ಧ ತರಬೇತುಗಾರ್ತಿ ಸೂಸನ್ ಗ್ಯಾರೆಟ್ ಇದನ್ನು ಪೂರಾ ಆಟವನ್ನಾಗಿಯೇ ಮಾರ್ಪಡಿಸಿದರು. ಬಾಗಿಲು ತೆರೆದಿದ್ದರೂ ಹೇಳುವವರೆಗೆ ಒಳಗೇ ಕೂರುವುದನ್ನು ನಾಯಿ ತಾನೇ ಆರಿಸಿಕೊಳ್ಳುವಂತೆ ಮಾಡುವುದು ಆ ಆಟದ ಗುಟ್ಟು.

ಮರಿ ಅತ್ತರೆ? ಹಳೆಯ ಸಲಹೆ ಹೇಳುತ್ತಿತ್ತು, ಅಳಲಿ ಬಿಡಿ, ಬಾಗಿಲು ತೆರೆದರೆ ಅಳುವುದನ್ನೇ ಕಲಿಯುತ್ತದೆ ಎಂದು. ಇದು ಒಳ್ಳೆಯ ಸಲಹೆಯಲ್ಲ. ತಾಯಿ, ಒಡಹುಟ್ಟಿದವುಗಳ ಮೈಬಿಸಿಯಲ್ಲಿ ಮಲಗುತ್ತಿದ್ದ ಎಂಟು ವಾರದ ಮರಿ ಮೊದಲ ರಾತ್ರಿ ಒಂಟಿಯಾಗಿ ಅತ್ತರೆ ಅದು ಹಟವಲ್ಲ, ಭಯ. ಕ್ರೇಟನ್ನು ಮಂಚದ ಪಕ್ಕದಲ್ಲೇ ಇಟ್ಟು, ಕೈ ಇಳಿಬಿಟ್ಟರೆ ಮರಿಗೆ ತಾಕುವಂತಿದ್ದರೆ ಅರ್ಧ ಸಮಸ್ಯೆ ತೀರಿತು. ನಡುರಾತ್ರಿ ಎದ್ದು ಕುಂಯ್‌ಗುಟ್ಟಿದರೆ ಉಚ್ಚೆಗೆ ಕರೆದೊಯ್ದು, ಮಾತು ಆಟ ಏನೂ ಇಲ್ಲದೆ ಮತ್ತೆ ಮಲಗಿಸಬೇಕು.

ಬೆಳೆಯುವ ತಳಿಗೆ ಮೊದಲೇ ದೊಡ್ಡ ಕ್ರೇಟ್ ಕೊಂಡು ನಡುವೆ ತಡಿಕೆ ಹಾಕಿ, ಮರಿ ದೊಡ್ಡದಾದಂತೆ ಅದನ್ನು ಸರಿಸುತ್ತಾ ಹೋಗುವುದು ಜಾಣತನ. ತಂತಿಯ ಕ್ರೇಟಿನೊಳಗೆ ಬಿಡುವಾಗ ಕುತ್ತಿಗೆಪಟ್ಟಿ ಕಳಚಲೇಬೇಕು. ಪಟ್ಟಿಯ ಕೊಂಡಿ ತಂತಿಗೆ ಸಿಕ್ಕಿ ಉಸಿರುಗಟ್ಟಿ ಸತ್ತ ನಾಯಿಗಳಿವೆ. ನೀರಿನ ಬಟ್ಟಲನ್ನು ಪಕ್ಕದ ಸರಳಿಗೆ ಸಿಕ್ಕಿಸಬಹುದು. ತಪ್ಪು ಮಾಡಿದ ನಾಯಿಯನ್ನು ಬೈದು ಒಳಗೆ ಹಾಕಿದರೆ, ಮಾಡಿದ ಪಾಠವೆಲ್ಲ ಒಂದೇ ದಿನಕ್ಕೆ ನೀರಲ್ಲಿ ಹೋಮ. ಮನೆಯ ಮಕ್ಕಳಿಗೂ ಒಂದು ಕಟ್ಟಳೆ ಇರಬೇಕು: ನಾಯಿ ಒಳಗಿದ್ದರೆ ಮುಟ್ಟಬಾರದು, ತಾವು ಒಳಗೆ ನುಸುಳಬಾರದು.

ಗಂಟೆಗಳ ವಿಷಯದಲ್ಲಿ, ಕ್ರೇಟ್ ಒಪ್ಪುವವರಲ್ಲೇ ಹೆಚ್ಚಿನವರು ಆರು ತಿಂಗಳೊಳಗಿನ ಮರಿಗೆ ಒಮ್ಮೆಗೆ ಮೂರು ನಾಲ್ಕು ಗಂಟೆಗಿಂತ ಹೆಚ್ಚು ಸಲ್ಲದು ಎನ್ನುತ್ತಾರೆ. ಬೆಳೆದ ನಾಯಿಗೆ ಹಗಲಿನಲ್ಲಿ ನಾಲ್ಕು ಗಂಟೆ ದಾಟಿಸದಿರುವುದು ಒಳ್ಳೆಯದು. ಮರಿಯ ಮೂರರಿಂದ ಹನ್ನೆರಡು ವಾರದ ಅವಧಿಯೇ ಲೋಕಪರಿಚಯದ ಕಾಲ ಎಂದು ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ನಡೆಸಿದ ದೀರ್ಘ ಅಧ್ಯಯನದಿಂದ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ 1965ರಲ್ಲೇ ತೋರಿಸಿದ್ದಾರೆ. ಆ ದಿನಗಳು ಬೋನಿನಲ್ಲಿ ಕಳೆದರೆ ಮುಂದೆ ಅಪರಿಚಿತರನ್ನು, ಸದ್ದನ್ನು, ಬೇರೆ ನಾಯಿಯನ್ನು ಕಂಡು ಬೆದರುವ ನಾಯಿಯಾಗುತ್ತದೆ.

ಒಗ್ಗದ ನಾಯಿಗಳು

ಯಜಮಾನ ಹೊರಟ ಕೂಡಲೇ ತೀವ್ರವಾಗಿ ಕಂಗೆಡುವ ನಾಯಿಗಳಿವೆ. ಬಾಗಿಲು ಕೆರೆಯುವುದು, ಜೊಲ್ಲು ಸುರಿಸುವುದು, ಎಡೆಬಿಡದೆ ಊಳಿಡುವುದು ಲಕ್ಷಣ. ಸೋಫಾ ಹರಿಯದಿರಲಿ ಎಂದು ಇಂಥ ನಾಯಿಯನ್ನು ಕ್ರೇಟಿಗೆ ಹಾಕಿದರೆ ಸೋಫಾ ಉಳಿಯುತ್ತದೆ, ನಾಯಿ ಕೆಡುತ್ತದೆ. ಸರಳು ಕಚ್ಚಿ ಕೋರೆಹಲ್ಲು ಮುರಿದುಕೊಂಡ, ಉಗುರು ಕಿತ್ತುಕೊಂಡ ನಾಯಿಗಳನ್ನು ಪಶುವೈದ್ಯರು ನೋಡುತ್ತಲೇ ಇರುತ್ತಾರೆ. ಇದು ಚಿಕಿತ್ಸೆ ಬೇಕಾದ ಕಾಯಿಲೆ: ನಿಧಾನವಾಗಿ ಒಂಟಿತನಕ್ಕೆ ಒಗ್ಗಿಸುವ ಅಭ್ಯಾಸ, ಅಗತ್ಯವಿದ್ದರೆ ಕ್ಲೊಮಿಪ್ರಮಿನ್ ಅಥವಾ ಫ್ಲುಆಕ್ಸೆಟಿನ್ ಮಾತ್ರೆ. ಎರಡಕ್ಕೂ ಅಮೆರಿಕದಲ್ಲಿ ನಾಯಿಗಳ ಈ ತೊಂದರೆಗೆಂದೇ ಮಂಜೂರಾತಿ ಇದೆ.

ದೀಪಾವಳಿಯ ಪಟಾಕಿಗೆ ಹೆದರುವ ನಾಯಿಗೂ ಇದೇ ಎಚ್ಚರ ಬೇಕು. ಮೇಲೆ ದಪ್ಪ ಹೊದಿಕೆ ಹಾಕಿದ, ಬಾಗಿಲು ತೆರೆದ ಕ್ರೇಟ್ ಒಳಕೋಣೆಯಲ್ಲಿದ್ದರೆ ಅದಕ್ಕೆ ವರ. ಅದೇ ಕ್ರೇಟಿಗೆ ಚಿಲಕ ಹಾಕಿದರೆ ಗಾಬರಿಗೆ ಗಾಯವೂ ಸೇರುತ್ತದೆ. ಬೀದಿಯಲ್ಲಿ ಬೆಳೆದು ದೊಡ್ಡದಾದ ಮೇಲೆ ದತ್ತು ಬಂದ ನಾಟಿ ನಾಯಿಗಳಲ್ಲೂ ಹಲವಕ್ಕೆ ಮುಚ್ಚಿದ ಬಾಗಿಲೆಂದರೆ ನಾಯಿ ಹಿಡಿಯುವ ವ್ಯಾನಿನ ನೆನಪು ಇರಬಹುದು. ಅವಕ್ಕೆ ಕೋಣೆಯ ಬಾಗಿಲಿಗೆ ಅಡ್ಡ ಹಾಕುವ ಗೇಟೇ ಸಾಕು.

ಸೆಕೆಯದು ಬೇರೆಯೇ ಅಪಾಯ. ನಾಯಿ ಮೈ ತಣಿಸಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ. ಅದರ ಸಹಜ ಮೈಕಾವು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. 41 ದಾಟಿದರೆ ಜೀವಕ್ಕೇ ಸಂಚಕಾರ. ಕಲಬುರಗಿ, ರಾಯಚೂರಿನ ಏಪ್ರಿಲ್ ಮಧ್ಯಾಹ್ನ ಕರೆಂಟು ಹೋದ ಕೋಣೆಯಲ್ಲಿ ಪ್ಲಾಸ್ಟಿಕ್ ಕ್ರೇಟಿನೊಳಗೆ ಸಿಕ್ಕ ಪಗ್ ನಾಯಿಗೆ ತಣ್ಣನೆಯ ಮೊಸಾಯಿಕ್ ನೆಲ ಹುಡುಕಿಕೊಂಡು ಹೋಗುವ ದಾರಿಯೂ ಇರುವುದಿಲ್ಲ.

ಕರ್ನಾಟಕದಲ್ಲಿ

ಇಲ್ಲಿ ಕ್ರೇಟಿನ ಪ್ರಶ್ನೆ ಬೆಂಗಳೂರು, ಮೈಸೂರು, ಮಂಗಳೂರಿನ ಅಪಾರ್ಟ್‌ಮೆಂಟುಗಳದ್ದು. ಉಳಿದೆಡೆ ನಾಯಿಯ ಪಾಲಿಗೆ ಇರುವುದು ಜಗಲಿ, ಸರಪಳಿ ಅಥವಾ ಕಬ್ಬಿಣದ ಗೂಡು. ಅಮೆರಿಕದ ವಾದವಿವಾದವನ್ನು ಹಾಗೆಯೇ ಇಲ್ಲಿಗೆ ತಂದರೆ ಅರ್ಧ ಚಿತ್ರ ಬಿಟ್ಟುಹೋಗುತ್ತದೆ. ಗೇಟಿನ ಪಕ್ಕದ ಕಂಬಕ್ಕೆ ಹಗಲೆಲ್ಲ ಮೂರಡಿ ಸರಪಳಿಯಲ್ಲಿ ಬಿಗಿದ ನಾಯಿ, ಕಾರ್ ಶೆಡ್ಡಿನ ಮೂಲೆಯ ತಗಡಿನ ಚಾವಣಿಯ ಗೂಡಿನಲ್ಲಿ ರಾತ್ರಿ ಬಿಟ್ಟರೆ ಹೊರಗೇ ಬರದ ಜರ್ಮನ್ ಶೆಫರ್ಡ್, ಇವು ಕ್ರೇಟಿಗಿಂತ ಹಳೆಯ ಮತ್ತು ಹೆಚ್ಚು ವ್ಯಾಪಕವಾದ ಬಂಧನಗಳು. ಅವುಗಳ ಬಗ್ಗೆ ಇಲ್ಲದ ಚರ್ಚೆ ಕ್ರೇಟಿನ ಬಗ್ಗೆ ಮಾತ್ರ ಇರುವುದು ವಿಚಿತ್ರ.

ಗೂಡು ಜೀವ ಉಳಿಸುವ ಊರುಗಳೂ ಇವೆ. ಮಲೆನಾಡಿನಲ್ಲಿ, ಮೈಸೂರು ರಾಮನಗರ ಸೀಮೆಯ ಕಾಡಂಚಿನಲ್ಲಿ ಚಿರತೆಯ ಮೊದಲ ಬೇಟೆ ನಾಯಿ. ಮಹಾರಾಷ್ಟ್ರದ ಅಕೋಲೆ ಪ್ರದೇಶದಲ್ಲಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ ಚಿರತೆಗಳ ಆಹಾರದ ತೂಕದಲ್ಲಿ ನಾಯಿಯ ಪಾಲೇ 39 ಪ್ರತಿಶತ ಇತ್ತು. ಇಂಥ ಕಡೆ ಕತ್ತಲಾದ ಮೇಲೆ ಗಟ್ಟಿ ಸರಳಿನ, ವಿಶಾಲವಾದ ಗೂಡಿನಲ್ಲಿ ನಾಯಿಯನ್ನು ಕೂಡುವುದಕ್ಕೆ ಸ್ವೀಡನ್ನಿನ ನಿಯಮಗಳನ್ನು ಎದುರು ಹಿಡಿಯಲಾಗದು. ಬೆಳಗಾದ ಕೂಡಲೇ ಬಿಡಬೇಕು, ಅಷ್ಟೇ.

ಮುಧೋಳ ತಳಿಯನ್ನು ಫ್ಲ್ಯಾಟ್‌ಗಳಲ್ಲಿ ಸಾಕುವ ಹೊಸ ಉಮೇದಿನ ಬಗ್ಗೆಯೂ ಒಂದು ಮಾತು ಬೇಕು. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಈ ತಳಿಯ ಸಂಶೋಧನಾ ಕೇಂದ್ರವಿದೆ. 2005ರಲ್ಲಿ ಅಂಚೆ ಇಲಾಖೆ ಇದರ ಅಂಚೆಚೀಟಿಯನ್ನೂ ತಂದಿತು. ಇದು ಬಯಲಲ್ಲಿ ಕಣ್ಣಿಟ್ಟು ಅಟ್ಟಿ ಹಿಡಿಯುವ ಬೇಟೆನಾಯಿ. ಉದ್ದ ಕಾಲು, ತೆಳು ಚರ್ಮ, ಕೊಬ್ಬಿಲ್ಲದ ಮೈ. ಗಟ್ಟಿ ತಳದ ಮೇಲೆ ಗಂಟೆಗಟ್ಟಲೆ ಮಲಗಿದರೆ ಇಂಥ ಮೈಯ ಮೊಣಕೈ ಚರ್ಮ ಬೇಗ ಜಡ್ಡುಗಟ್ಟುತ್ತದೆ. ದಿನಕ್ಕೆರಡು ಸಲ ಓಡಿಸಲು ಬಯಲಿಲ್ಲದವರು ಕ್ರೇಟಿನ ಅಳತೆ ಕೇಳುವ ಮೊದಲು ಬೇರೆ ತಳಿಯನ್ನು ಯೋಚಿಸುವುದು ಮೇಲು.

ಆಫೀಸಿನ ಒಂಬತ್ತು ಗಂಟೆ ಮತ್ತು ಟ್ರಾಫಿಕ್ಕಿನ ಎರಡು ಗಂಟೆ ಸೇರಿ ಹನ್ನೊಂದು ಗಂಟೆ ಮನೆ ಖಾಲಿ ಇರುವವರಿಗೆ ಕ್ರೇಟ್ ಉತ್ತರವಲ್ಲ. ಮಧ್ಯಾಹ್ನ ಬಂದು ನಾಯಿಯನ್ನು ಹೊರಗೆ ಕರೆದೊಯ್ಯುವ ಆಳು, ಡೇಕೇರ್, ನೆರೆಮನೆಯ ನಿವೃತ್ತ ದಂಪತಿ, ಅಥವಾ ಕನಿಷ್ಠ ಒಂದು ಇಡೀ ಕೋಣೆ, ಇವುಗಳಲ್ಲಿ ಒಂದಾದರೂ ಬೇಕು. ಪ್ರತಿ ನಾಯಿಗೂ ಕ್ರೇಟಿನೊಳಗೆ ಶಾಂತವಾಗಿರುವುದನ್ನು ಕಲಿಸಬೇಕು. ಯಾವ ನಾಯಿಯನ್ನೂ ಕೆಲಸದ ದಿನವಿಡೀ ಅದರೊಳಗೆ ಇಡಬಾರದು.

ಭಾರತದ ಕಾನೂನಿನಲ್ಲಿ ಕ್ರೇಟ್ ಎಂಬ ಹೆಸರಿಲ್ಲ. ಆದರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಈ ವಿಷಯವನ್ನು ನೇರವಾಗಿ ಮುಟ್ಟುತ್ತದೆ. ಮಿಸುಕಾಡಲು ಸಾಕಷ್ಟು ಎತ್ತರ, ಉದ್ದ, ಅಗಲ ಇಲ್ಲದ ಬೋನಿನಲ್ಲಿ ಯಾವುದೇ ಪ್ರಾಣಿಯನ್ನು ಇಡುವುದು ಅಪರಾಧ. ಅತಿಯಾಗಿ ಗಿಡ್ಡನೆಯ ಅಥವಾ ಭಾರದ ಸರಪಳಿಯಲ್ಲಿ ಅನುಚಿತವಾದಷ್ಟು ಹೊತ್ತು ಕಟ್ಟುವುದೂ ಅಪರಾಧ. ನಾಯಿಯನ್ನು ಹೆಸರಿಸಿಯೇ ಹೇಳುವ ಉಪಕಲಂ ಮತ್ತೊಂದಿದೆ: ರೂಢಿಯಾಗಿ ಸರಪಳಿಯಲ್ಲೋ ಇಕ್ಕಟ್ಟಿನಲ್ಲೋ ಇಟ್ಟ ನಾಯಿಗೆ ತಕ್ಕಷ್ಟು ವ್ಯಾಯಾಮ ಕೊಡದ ಯಜಮಾನ ಶಿಕ್ಷೆಗೆ ಅರ್ಹ. ಮೊದಲ ಅಪರಾಧಕ್ಕೆ ಕಾಯ್ದೆ ಗೊತ್ತುಮಾಡಿದ ದಂಡ ಕನಿಷ್ಠ 10 ರೂಪಾಯಿ, ಗರಿಷ್ಠ 50 ರೂಪಾಯಿ.